ಅಂಗೈಯಷ್ಟು ಜಾಗ

ಆ ಊರಿನಲ್ಲಿ ಚಿತ್ರಗಳು ಗೋಡೆಗೆ ಮುಖ ಮಾಡಿಕೊಂಡು ಬದುಕುತ್ತಿದ್ದವು.

ಮನೆಗೊಂದು ಚಿತ್ರ, ಚಿತ್ರಕ್ಕೊಂದು ಮೊಳೆ. ಹಲಸಿನ ಹಲಗೆಯ ಮೇಲೆ ಬರೆದ ಚಿತ್ರವನ್ನು ಕೋರಾ ಬಟ್ಟೆಯಲ್ಲಿ ಸುತ್ತಿ ಪಡಸಾಲೆಯಲ್ಲಿ ನೇತುಹಾಕುತ್ತಿದ್ದರು. ಮುಖ ಗೋಡೆಗೆ, ಬೆನ್ನು ಮನೆಗೆ. ಅಮಾವಾಸ್ಯೆಗೊಮ್ಮೆ ಬಟ್ಟೆಯ ಗಂಟು ಸಡಿಲಿಸಿ ಹಲಗೆಯ ಬೆನ್ನಿಗೆ ಎಳ್ಳೆಣ್ಣೆ ಸವರಿ ಮತ್ತೆ ಗಂಟು ಹಾಕುತ್ತಿದ್ದರು. ಸೊಸೆ ಬಂದರೆ ಮೊದಲು ಆ ಬೆನ್ನಿಗೆ ನಮಸ್ಕಾರ ಮಾಡಬೇಕು. ಮಗು ಹುಟ್ಟಿದರೆ ಹನ್ನೊಂದನೇ ದಿನ ಎತ್ತಿಕೊಂಡು ಬಂದು ಆ ಬೆನ್ನಿಗೆ ತೋರಿಸಬೇಕು. ಮುಖವನ್ನು ಮಾತ್ರ ಯಾರೂ ನೋಡಕೂಡದು. ಬರೆಸಿಕೊಂಡವರೂ ನೋಡಕೂಡದು.

ಊರಿಗೆ ಒಬ್ಬನೇ ಚಿತ್ರಗಾರ, ವರ್ಷಕ್ಕೆ ಒಂದೇ ಮನೆ. ಮೀಸೆ ಮೂಡುವ ವಯಸ್ಸಿನಲ್ಲಿ ಮೊದಲ ಮನೆಯ ಜಗಲಿ ಹತ್ತಿದವನು ಅರವತ್ತೊಂದನೇ ಮನೆಯ ಜಗಲಿ ಇಳಿಯುವ ಹೊತ್ತಿಗೆ ಅವನ ಹುಬ್ಬೂ ನರೆತಿತ್ತು. ಇಳಿದವನು ನೇರ ಬಾವಿಕಟ್ಟೆಗೆ ಹೋಗಿ ಕೂತು, ಎಲ್ಲರ ಕಣ್ಣೆದುರಿಗೆ ಕುಂಚಗಳನ್ನು ತೊಳೆದ. ತೊಳೆಯುವಾಗ ಕೈ ನಡುಗಿ ಒಂದು ಕುಂಚ ಬಾವಿಗೆ ಬಿತ್ತು. ನೀರು ಸೇದಲು ಬಂದವರು ಕೊಡ ಕೆಳಗಿಟ್ಟರು. ತಿರುಗಿಸುವ ದಿನ ಬಂತೆಂದು ಊರಿಗೆ ತಿಳಿಯಿತು.

ತಿರುಗಿಸುವ ದಿನ ಬರುವುದು ಒಬ್ಬ ಚಿತ್ರಗಾರನ ಬಾಳಿಗೆ ಒಂದೇ ಸಲ. ಆ ದಿನ ಎಲ್ಲ ಮನೆಗಳ ಚಿತ್ರಗಳೂ ಚಾವಡಿಗೆ ಬರುತ್ತವೆ, ಬರೆದ ಕ್ರಮದಲ್ಲಿ ಮೊಳೆ ಏರುತ್ತವೆ, ಮುಖ ತಿರುಗಿಸುತ್ತವೆ. ಚಿತ್ರಗಾರ ಮೊದಲನೆಯದರಿಂದ ಕೊನೆಯದರವರೆಗೆ ಒಂದು ಸಲ ನಡೆದುಬಿಟ್ಟರೆ ಅವನ ಕೆಲಸ ಮುಗಿಯಿತು. ಆಮೇಲೆ ಅವನು ಕೈಕಟ್ಟಿ ಕೂರಬಹುದು. ಊರು ಅವನಿಗೆ ಊಟ ಹಾಕುತ್ತದೆ.

ಇಡೀ ಊರು ಆ ದಿನಕ್ಕೆ ಕಾದಿತ್ತು. ಒಬ್ಬಳನ್ನು ಬಿಟ್ಟು.

*

ಅವಳು ನಲವತ್ತಾರನೇ ಮನೆಯ ಮೊಮ್ಮಗಳು. ಮಾತು ಕಡಿಮೆ. ಗಂಟಲಿನ ತನಕ ಬಂದ ಮಾತು ಅಲ್ಲೇ ಒಂದು ಮಣೆ ಹಾಕಿಕೊಂಡು ಕೂತುಬಿಡುತ್ತಿತ್ತು. ಇವಳೂ ಅದನ್ನು ಎಬ್ಬಿಸುತ್ತಿರಲಿಲ್ಲ. ಹುಟ್ಟಾ ಹಾಗೇನೂ ಇರಲಿಲ್ಲವಂತೆ. ಏಳನೇ ವಯಸ್ಸಿನವರೆಗೆ ಅವಳ ಬಾಯಿ ಮುಚ್ಚಿಸಲು ಊರಿಗೆ ಸಾಕುಸಾಕಾಗುತ್ತಿತ್ತು ಎಂದು ಎದುರುಮನೆಯಾಕೆ ಈಗಲೂ ಹೇಳುತ್ತಾಳೆ.

ಚಿತ್ರಗಾರ ಅವರ ಮನೆಗೆ ಬಂದದ್ದು ಆ ಏಳನೇ ವಯಸ್ಸಿನಲ್ಲೇ. ಜಗಲಿಯ ಮೇಲೆ ಅಜ್ಜಿ, ಅಜ್ಜಿಯ ಮಡಿಲಲ್ಲಿ ಮೊಮ್ಮಗಳು. ದಿನಾ ಬೆಳಿಗ್ಗೆ ಅದೇ ಮಣೆ, ಅದೇ ಸೀರೆ.

"ಅಲುಗಾಡಬೇಡ ಮಗಾ," ಎಂದಿದ್ದ ಚಿತ್ರಗಾರ. "ಅಲುಗಾಡಿದೋರು ಹಲಗೆಗೆ ಬರೋದಿಲ್ಲ."

ಆರು ದಿನ ಅವಳು ಕಲ್ಲಿನ ಹಾಗೆ ಕೂತಳು. ಏಳನೇ ದಿನ ಅಂಗಳದಲ್ಲಿ ಒಂದು ಅಳಿಲು ಬಂತು. ಅವಳು ಮಡಿಲಿನಿಂದ ಜಾರಿ ಅಳಿಲಿನ ಹಿಂದೆ ಓಡಿದವಳು ಚಿತ್ರಗಾರ ಬಣ್ಣದ ಚಿಪ್ಪುಗಳನ್ನು ಎತ್ತಿಡುವ ತನಕ ಬರಲಿಲ್ಲ. ಮಾರನೆಯ ದಿನವೂ ಕೂರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

"ಮಗು, ಬಿಡಿ," ಎಂದಳು ಅಜ್ಜಿ. "ಇಷ್ಟು ದಿನ ಕೂತಿದ್ದಾಳಲ್ಲ, ಅಷ್ಟರಲ್ಲಿ ಬರೆದಿರ್ತೀರಿ."

ಚಿತ್ರಗಾರ ಹೂಂ ಎಂದನೋ ಊಹೂಂ ಎಂದನೋ, ಬಾಯಲ್ಲಿ ಕುಂಚ ಕಚ್ಚಿದ್ದರಿಂದ ಸರಿಯಾಗಿ ಕೇಳಿಸಲಿಲ್ಲ.

ಅಂದಿನಿಂದ ಅವಳ ಎದೆಯಲ್ಲಿ ಒಂದು ಮುಳ್ಳು. ತಾನು ಹಲಗೆಗೆ ಬಂದಿದ್ದೇನೋ ಇಲ್ಲವೋ? ಚಿತ್ರ ಮುಗಿಯಿತು, ಬಟ್ಟೆ ಸುತ್ತಿತು, ಗೋಡೆಗೆ ಮುಖ ಮಾಡಿತು. ಅಮಾವಾಸ್ಯೆ ಬಂದಾಗೆಲ್ಲ ಅಜ್ಜಿ ಹಲಗೆಯ ಬೆನ್ನಿಗೆ ಎಣ್ಣೆ ಸವರುತ್ತಾ, "ಒಳಗೆ ನಾವಿಬ್ರೂ ಹೆಂಗೆ ಬೆಚ್ಚಗೆ ಕೂತಿದ್ದೀವೋ," ಎನ್ನುತ್ತಿದ್ದಳು. ಆಗೆಲ್ಲ ಮುಳ್ಳು ಇನ್ನಷ್ಟು ಒಳಗೆ ಹೋಗುತ್ತಿತ್ತು.

ಹಿತ್ತಿಲಿನ ಬಸಳೆ ಚಪ್ಪರದಲ್ಲಿ ಹಣ್ಣು ಕಪ್ಪಾದ ಒಂದು ಮಧ್ಯಾಹ್ನ ಅಜ್ಜಿ ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗಿದ್ದಳು. ಹುಡುಗಿ ಮಣೆಯ ಮೇಲೆ ಮಣೆ ಇಟ್ಟು ಹತ್ತಿದಳು. ಗಂಟು ಬಿಚ್ಚಿದಳು. ಹಲಗೆಯನ್ನು ತಿರುಗಿಸಿದಳು.

ಅಜ್ಜಿ ಇದ್ದಳು. ಗಲ್ಲದ ಮಚ್ಚೆ, ಕಿವಿಯ ಓಲೆ, ಸೀರೆಯ ತೇಪೆ, ಎಲ್ಲ ಇತ್ತು. ಎರಡೂ ಕೈಗಳು ಯಾರನ್ನೋ ಬಳಸಿ ಹಿಡಿದಂತೆ ಬಾಗಿದ್ದವು. ಆ ಕೈಗಳ ನಡುವೆ ಏನೂ ಇರಲಿಲ್ಲ. ಬಿಳಿ ಮಣ್ಣು ಬಳಿದ ಹಲಗೆ, ಅಷ್ಟೇ. ಅಂಗೈಯಷ್ಟು ಬಿಳಿ.

ಅವಳು ಅಳಲಿಲ್ಲ. ಹಿತ್ತಿಲಿಗೆ ಹೋಗಿ ಬಸಳೆ ಹಣ್ಣು ಕಿತ್ತು ತಂದಳು. ಅಡುಗೆಮನೆಯಿಂದ ಅರಿಶಿನ ತಂದಳು. ದೀಪದ ಗೂಡಿನ ಮಸಿ ಕಿರುಬೆರಳ ತುದಿಗೆ ಬಂದಷ್ಟು ತಂದಳು. ತೆಂಗಿನ ಕಡ್ಡಿಯನ್ನು ಜಗಿದು ಕುಂಚ ಮಾಡಿಕೊಂಡಳು. ಬಸಳೆಯಲ್ಲಿ ಲಂಗ, ಅರಿಶಿನದಲ್ಲಿ ಮುಖ, ಕೈ, ಕಾಲು. ಮಸಿ ಎರಡು ಕಣ್ಣಿಗಷ್ಟೇ ಸಾಕಾಯಿತು, ಜಡೆಗೂ ಬಸಳೆಯೇ. ಬಾಯಿ ಬರೆಯುವುದನ್ನು ಮರೆತಳು. ನೆನಪಾಗುವ ಹೊತ್ತಿಗೆ ಅಜ್ಜಿಯ ಬಕೆಟ್ಟಿನ ಸದ್ದು ಕೇಳಿಸಿತು.

"ಎಲ್ಲಾ ಹಣ್ಣು ಹಿಸುಕಿ ಹಾಕಿದ್ಯೇನೇ ಕೋತಿ," ಎಂದು ಅಜ್ಜಿ ಅವಳ ನೇರಳೆ ಬೆರಳುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಮೂರು ದಿನದಲ್ಲಿ ಬೆರಳು ಬೆಳ್ಳಗಾಯಿತು. ಆದರೆ ಆ ಮೂರು ದಿನ ಹುಡುಗಿ ಬಾಯಿ ತೆರೆಯಲಿಲ್ಲ, ತೆರೆದರೆ ಎಲ್ಲಿ ಆ ಗುಟ್ಟು ಬಿದ್ದುಹೋಗುತ್ತದೋ ಎಂದು. ಆಮೇಲೆ ಅದೇ ಅಭ್ಯಾಸವಾಯಿತು.

ಹೀಗೇ ಹದಿಮೂರು ವರ್ಷ ಕಳೆದು ಅಜ್ಜಿ ಹಾಸಿಗೆ ಹಿಡಿದಳು. ಕೊನೆಯ ವಾರದಲ್ಲಿ ಒಂದು ಬೆಳಿಗ್ಗೆ ಕೈಸನ್ನೆ ಮಾಡಿ ಹತ್ತಿರ ಕರೆದಳು.

"ಒಂದು ಸಲ ತಿರುಗಿಸೇ."

"ಏನನ್ನ ಅಜ್ಜಿ?"

"ಹಲಗೇನ. ತಿರುಗಿಸೋ ದಿನದ ತನಕ ನನ್ನ ಕೈಲಿ ತಡೆಯೋಕಾಗಲ್ಲ. ಯಾರೂ ಇಲ್ಲವಲ್ಲ ಈಗ. ನಾವಿಬ್ರೂ ಹೆಂಗೆ ಕೂತಿದ್ದೀವಿ, ಒಂದು ಸಲ ನೋಡ್ತೀನಿ."

ಮೊಮ್ಮಗಳು ಗೋಡೆಯನ್ನು ನೋಡಿದಳು. ಬಟ್ಟೆಯ ಗಂಟನ್ನು ನೋಡಿದಳು. ತನ್ನ ಬೆರಳುಗಳನ್ನು ನೋಡಿಕೊಂಡಳು. "ಕಟ್ಟಳೆ ಇದೆಯಲ್ಲ ಅಜ್ಜಿ," ಎಂದಳು.

"ಹೌದೌದು," ಎಂದಳು ಅಜ್ಜಿ. "ನೋಡು, ನನಗೆ ಮರೆತೇ ಹೋಗಿತ್ತು. ತಪ್ಪಾಯ್ತು ಮಗಾ."

ಅಜ್ಜಿ ಕ್ಷಮೆ ಕೇಳಿ ಸತ್ತಳು. ಮೊಮ್ಮಗಳು ಕಟ್ಟಳೆ ಹೇಳಿ ಉಳಿದಳು.

*

ತಿರುಗಿಸುವ ದಿನದ ಬೆಳಿಗ್ಗೆ ಪ್ರತಿ ಬಾಗಿಲಿನಿಂದ ಒಂದೊಂದು ಹಲಗೆ ಹೊರಟಿತು. ಮನೆಯವರಲ್ಲದೆ ಬೇರೆಯವರು ಎತ್ತುವಂತಿಲ್ಲ. ದೊಡ್ಡ ಮನೆಗಳವರು ನಾಲ್ಕು ಜನ ಸೇರಿ ಹೊತ್ತರು. ಮೊಮ್ಮಗಳು ಒಬ್ಬಳೇ, ಕೂಸನ್ನು ಎತ್ತಿಕೊಂಡಂತೆ ಎದೆಗೆ ಒತ್ತಿ ಹಿಡಿದು ನಡೆದಳು.

ಚಾವಡಿ ಎಂದರೆ ಕಿಟಕಿಯೇ ಇಲ್ಲದ ಉದ್ದನೆಯ ಕೋಣೆ. ಈ ತುದಿಯಲ್ಲೊಂದು ಬಾಗಿಲು, ಆ ತುದಿಯಲ್ಲೊಂದು ಬಾಗಿಲು. ನಡುವೆ ಅರವತ್ತೊಂದು ಮೊಳೆ, ಅರವತ್ತೊಂದು ದೀಪ. ಬಾಗಿಲಲ್ಲಿ ಮೊಳೆಗಾರ ನಿಂತಿದ್ದ. ಚಿತ್ರಗಳಿಗೆ ಮೊಳೆ ಹೊಡೆಯುವುದೂ ಕಟ್ಟಳೆ ಕಾಯುವುದೂ ಅವನ ಮನೆತನದ ಕೆಲಸ. ಅವನು ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಮಾತಾಡುತ್ತಿದ್ದ.

"ಎಲ್ಲರೂ ಕೇಳಿ. ನಿಮ್ಮ ನಿಮ್ಮ ಹಲಗೆ ಪಕ್ಕ ನಿಲ್ಲಿ. ಚಿತ್ರಗಾರ ಬಂದು ಮೂರು ಮಾತು ಕೇಳ್ತಾನೆ. 'ಯಾರ ಚಿತ್ರ?' ಅಂದರೆ 'ನಮ್ಮದು' ಅನ್ನಬೇಕು. 'ಯಾರ ಕೈ?' ಅಂದರೆ 'ನಿಮ್ಮದು' ಅನ್ನಬೇಕು. 'ಜಾಗ?' ಅಂದರೆ 'ಇದೆ' ಅನ್ನಬೇಕು."

"ಜಾಗ ಅಂದ್ರೆ?" ಎಂದಳು ಎದುರುಮನೆಯಾಕೆ. "ಕೂರೋಕೆ ಜಾಗವಾ? ನನಗಂತೂ ಬೇಕಪ್ಪಾ, ಮಂಡಿ ಹಿಡಿದಿದೆ."

"ನೋಡಿದರೆ ಗೊತ್ತಾಗುತ್ತೆ ಅಕ್ಕಾ. ಮೂರೇ ಮಾತು. ನಾಲ್ಕನೇದು ಆಡಬೇಡಿ, ನಿಮಗೇ ಹೇಳ್ತಿರೋದು."

ಹಲಗೆಗಳು ಗೋಡೆ ಏರಿದವು. ಮೊಳೆಗಾರ ಕೋಲಿನಿಂದ ನೆಲಕ್ಕೆ ಮೂರು ಸಲ ಬಡಿದ. ಬಟ್ಟೆ ಬಿಚ್ಚುವ ಸದ್ದು ಆ ತುದಿಯಿಂದ ಈ ತುದಿಗೆ ಸರಿದು ಬಂತು. ಹಲಗೆಗಳು ತಿರುಗಿದವು.

ಎಲ್ಲರೂ ಒಟ್ಟಿಗೆ ಮಾತಾಡಿದರು. ಚಿತ್ರಗಾರ ಬರುವ ಮುಂಚೆ ಊರು ಸಾಲು ನೋಡಬಹುದು. ಜನ ದೀಪಗಳ ನಡುವೆ ನಡೆದಾಡಿದರು. ಮೊಮ್ಮಗಳೂ ನಡೆದಳು. ತನ್ನ ಹಲಗೆಯ ಕಡೆ ನೋಡದೆ, ಮೊದಲ ಮೊಳೆಯಿಂದ.

ಮೊದಲ ಚಿತ್ರಗಳಲ್ಲಿ ಬಣ್ಣಗಳ ಗದ್ದಲ. ಹುಡುಗನ ಕೈ, ಇದ್ದಬದ್ದ ಬಣ್ಣವನ್ನೆಲ್ಲ ಒಂದೇ ಸೀರೆಗೆ ಸುರಿದಿದ್ದ. ಮೂಗುತಿಯ ಹರಳಿನಲ್ಲಿ ಇಡೀ ಬೀದಿಯನ್ನೇ ಕೂರಿಸಿದ್ದ. ಇಷ್ಟೆಲ್ಲ ತುಂಬಿದವನು ಉಯ್ಯಾಲೆಯ ಮೇಲೆ ಕೂತ ಯಜಮಾನನ ಕಾಲಬಳಿ ಯಾಕೋ ಒಂದಿಷ್ಟು ಬಿಟ್ಟಿದ್ದ. ಬಣ್ಣ ಉದುರಿರಬೇಕು ಎಂದುಕೊಂಡು ಅವಳು ಮುಂದೆ ಹೋದಳು.

ಎರಡನೆಯದರಲ್ಲಿ ಮದುಮಗಳ ಭುಜದ ಪಕ್ಕ ಒಂದಿಷ್ಟು ಬಿಳಿ. ಮೂರನೆಯದರಲ್ಲಿ ಒಲೆಯ ಮೇಲೆ, ಪಾತ್ರೆ ಇರಬೇಕಾದಲ್ಲಿ. ನಾಲ್ಕನೆಯದರಲ್ಲಿ ಇಬ್ಬರು ಅಣ್ಣತಮ್ಮಂದಿರ ನಡುವೆ.

ಅವಳ ಕಾಲು ನಿಧಾನವಾಯಿತು.

ಇಪ್ಪತ್ತರ ಆಚೆಗೆ ಬಣ್ಣಗಳೆಲ್ಲ ಸತ್ತುಹೋಗಿದ್ದವು. ಬೂದಿ, ಕಪ್ಪು, ಮತ್ತೆ ಬೂದಿ. ಒಂಬತ್ತು ಮನೆಗಳ ತನಕ, ಎಂದರೆ ಒಂಬತ್ತು ವರ್ಷ. ಆ ವರ್ಷಗಳಲ್ಲಿ ಅವನಿಗೆ ಏನಾಗಿತ್ತೋ. "ನಮ್ಮನೇಲಿ ಬರೆಯೋವಾಗ ಚೆನ್ನಾಗೇ ಊಟ ಮಾಡಿಕೊಂಡಿದ್ದನಲ್ಲ," ಎಂದು ಯಾರೋ ಗೊಣಗಿದರು. ಯಾರೂ ಅವನನ್ನು ಕೇಳಿರಲಿಲ್ಲ. ಬೂದಿಯ ನಡುವೆಯೂ ಪ್ರತಿ ಹಲಗೆಯಲ್ಲಿ ಅದೇ ಅಂಗೈಯಷ್ಟು ಬಿಳಿ, ತೊಳೆದಿಟ್ಟ ತಟ್ಟೆಯ ಹಾಗೆ.

ಮೂವತ್ತರ ಮೇಲೆ ಹಸಿರು ಒಂದೊಂದೇ ಎಲೆಯಾಗಿ ಮರಳಿತು. ನಲವತ್ತಕ್ಕೆ ಬರುವ ಹೊತ್ತಿಗೆ ಗೆರೆಗಳು ಕಡಿಮೆಯಾಗಿದ್ದವು; ಎರಡು ಗೆರೆ ಎಳೆದರೆ ಒಬ್ಬ ತಾಯಿ ಬಂದು ಕೂರುತ್ತಿದ್ದಳು. ಕೊನೆಯ ಚಿತ್ರಗಳಲ್ಲಿ ಗೆರೆ ನಡುಗಿ, ಜನ ನೀರಿನೊಳಗೆ ಕೂತಂತೆ ಕಾಣುತ್ತಿದ್ದರು. ಅವಳು ಕೊನೆಯ ಮೊಳೆಯ ತನಕ ಹೋಗಿ ತಿರುಗಿ ನೋಡಿದಳು. ಉದ್ದಕ್ಕೂ ದೀಪ, ಉದ್ದಕ್ಕೂ ಹಲಗೆ, ಹಲಗೆಗೊಂದು ಬಿಳಿ. ಉದುರಿದ್ದಲ್ಲ. ಮರೆತದ್ದಲ್ಲ. ಯಾರ ಮೇಲಿನ ಸಿಟ್ಟೂ ಅಲ್ಲ.

ಆ ಸಾಲಿನಲ್ಲಿ ಬಿಳಿ ಇಲ್ಲದ ಹಲಗೆ ಒಂದೇ. ಅದರ ಮುಂದೆ ನಾಲ್ಕೈದು ಜನ ನಿಂತು ನಗುತ್ತಿದ್ದರು.

"ಬಾರೇ, ಬಾ," ಎಂದು ಎದುರುಮನೆಯಾಕೆ ಕರೆದಳು. "ನಿಮ್ಮಜ್ಜಿ ಎದ್ದು ಬಂದು ಎಲೆಅಡಿಕೆ ಕೇಳೋ ಹಂಗಿದ್ದಾಳೆ. ನಿನ್ನ ನೋಡಿದರೆ ಬದನೆಕಾಯಿಗೆ ಕೈಕಾಲು ಬಂದಂಗಿದೆ. ಪಾಪ, ಆ ವರ್ಷವೇ ಮುದುಕನ ಕೈ ಕೆಟ್ಟಿತ್ತು ಅಂತ ಕಾಣುತ್ತೆ. ಬಾಯಿ ಬರೆಯೋದನ್ನೇ ಮರೆತಿದ್ದಾನಲ್ಲೇ."

ಮೊಮ್ಮಗಳು ಹಲಗೆಯ ಪಕ್ಕ ಹೋಗಿ ನಿಂತಳು. ಹದಿನೈದು ವರ್ಷ ಕತ್ತಲಲ್ಲಿದ್ದ ಬಸಳೆ, ನಿನ್ನೆ ಹಿಂಡಿದಷ್ಟೇ ನೇರಳೆಯಾಗಿತ್ತು.

*

ಚಿತ್ರಗಾರ ಬಂದ. ಹೆಗಲಿಗೆ ಕುಂಚದ ಚೀಲ, ಎಡಗೈಯಲ್ಲಿ ಅಂಟು ಬೆರೆಸಿದ ಕೆಮ್ಮಣ್ಣಿನ ಬಟ್ಟಲು.

"ಯಾರ ಚಿತ್ರ?"

"ನಮ್ಮದು."

"ಯಾರ ಕೈ?"

"ನಿಮ್ಮದು."

"ಜಾಗ?"

"ಇದೆ."

ಅವನು ಬಲಗೈಯನ್ನು ಬಟ್ಟಲಿನಲ್ಲಿ ಅದ್ದಿ, ಬಿಟ್ಟ ಜಾಗಕ್ಕೆ ಒತ್ತಿದ. ಒತ್ತುವಾಗ ಮಾತ್ರ ಕೈ ನಡುಗಲಿಲ್ಲ. ಉಯ್ಯಾಲೆಯ ಯಜಮಾನನ ಕಾಲಬಳಿ ಒಂದು ಕೆಂಪು ಅಂಗೈ ಮೂಡಿತು. ಅವನು ಮುಂದಿನ ಹಲಗೆಗೆ ಹೋದ. ಯಾರ ಚಿತ್ರ, ನಮ್ಮದು. ಯಾರ ಕೈ, ನಿಮ್ಮದು. ಜಾಗ, ಇದೆ. ಪ್ರತಿ ಅಂಗೈ ಒತ್ತಿದಾಗಲೂ ಅವನ ಬೆನ್ನು ಒಂದು ಕೂದಲೆಳೆಯಷ್ಟು ನೇರವಾಗುತ್ತಿತ್ತು, ಹೊರೆಯಿಂದ ಒಂದೊಂದೇ ಸೌದೆ ತೆಗೆದಂತೆ. ಮೊಮ್ಮಗಳು ಅದನ್ನು ನೋಡುತ್ತಿದ್ದಳು. ನಲವತ್ತೈದು ಸಲ ನೋಡಿದಳು.

"ಯಾರ ಚಿತ್ರ?"

"ನಮ್ಮದು."

"ಯಾರ ಕೈ?"

ಸುತ್ತಲಿನ ಬಾಯಿಗಳಿಂದ ನಲವತ್ತೈದು ಸಲ ಕೇಳಿದ ಮಾತು ಅವಳ ಬಾಯಿಂದ ತಾನಾಗಿ ಜಾರಿತು. "ನಿಮ್ಮದು."

"ಜಾಗ?"

ಅವಳು ನೆಲ ನೋಡಿದಳು.

ಚಿತ್ರಗಾರ ಒದ್ದೆ ಕೈಯನ್ನು ಮೇಲೆತ್ತಿಕೊಂಡೇ ಹಲಗೆಯ ಹತ್ತಿರ ಬಾಗಿದ. ಮೊಳೆಗಾರ ದೀಪ ಹಿಡಿದ. ಚಿತ್ರಗಾರ ಅಜ್ಜಿಯ ಮುಖ ನೋಡಿದ, ಬಾಗಿದ ಕೈಗಳನ್ನು ನೋಡಿದ, ಕೈಗಳ ನಡುವಿನ ನೇರಳೆ ಕೂಸನ್ನು ನೋಡಿದ. ಬಹಳ ಹೊತ್ತು ನೋಡಿದ. ಕೆಮ್ಮಣ್ಣು ಅವನ ಮೊಣಕೈ ತನಕ ಇಳಿದು ನೆಲಕ್ಕೆ ತೊಟ್ಟಿಕ್ಕಿತು. ಆಮೇಲೆ ಅವನು ತನ್ನ ಕೈಯನ್ನು ನೋಡಿಕೊಂಡ, ಬೇರೆ ಯಾರದ್ದೋ ಕೈ ಎಂಬಂತೆ.

ಮೊಳೆಗಾರ ಬಾಯಿಂದ ಮೊಳೆಗಳನ್ನು ತೆಗೆದ. ಅವನು ಮೊಳೆ ತೆಗೆದು ಮಾತಾಡಿದ್ದನ್ನು ಊರು ನೋಡಿರಲಿಲ್ಲ. "ಒಂದು ಹಲಗೆಯಲ್ಲಿ ಜಾಗ ಇಲ್ಲದಿದ್ದರೂ," ಎಂದ, "ಒತ್ತಿದ ಅಂಗೈಗಳನ್ನೆಲ್ಲ ಒರೆಸಬೇಕು. ಚಿತ್ರಗಳು ಮತ್ತೆ ಗೋಡೆಗೆ ಮುಖ. ಚಿತ್ರಗಾರ ಮೊದಲ ಮನೆಯಿಂದ ಮತ್ತೆ ಬರೀಬೇಕು."

"ಅರವತ್ತೊಂದು ವರ್ಷವಾ?" ಎಂದರು ಯಾರೋ.

"ಕಟ್ಟಳೆ," ಎಂದ ಮೊಳೆಗಾರ. ಆ ಮಾತು ಮೊಮ್ಮಗಳ ಕಿವಿಗೆ ತನ್ನದೇ ದನಿಯಲ್ಲಿ ಕೇಳಿಸಿತು.

"ಆಗಲೇ ಕಣ್ಣು ಮಂಜಾಗಿತ್ತು ಮುದುಕನಿಗೆ," ಎಂದಳು ಎದುರುಮನೆಯಾಕೆ. "ಹೇಳಬಾರದಾಗಿತ್ತಾ ಮೊದಲೇ. ಈಗ ಎಲ್ಲರ ಚಿತ್ರಕ್ಕೂ ಬಂತು."

"ಹೌದು ತಾಯಿ," ಎಂದ ಚಿತ್ರಗಾರ. "ನನ್ನದೇ ಕೈ. ಮರೆತಿರಬೇಕು. ಇಂಥಾ ಬಣ್ಣ ಯಾವಾಗ ಅರೆದೆನೋ, ಅದೂ ನೆನಪಿಲ್ಲ." ಅವನು ಮೊದಲ ಮನೆಯವರ ಕಡೆ ತಿರುಗಿದ. "ನಾಳೆ ಬೆಳಿಗ್ಗೆ ಬರ್ತೀನಿ. ಉಯ್ಯಾಲೆ ಇದೆಯಾ ಇನ್ನೂ?"

"ಉಯ್ಯಾಲೆ ಇದೆ," ಎಂದರು ಮೊದಲ ಮನೆಯವರು. "ಯಜಮಾನರಿಲ್ಲ."

ಮೊಮ್ಮಗಳು ನೆಲ ನೋಡುತ್ತಾ ನಿಂತಿದ್ದಳು. ಮಾತು ಗಂಟಲಿಗೆ ಬಂದು ಮಣೆ ಹಾಕಿಕೊಂಡು ಕೂತಿತ್ತು. ಈ ಹೊತ್ತು ಕಳೆದರೆ ಸಾಕು, ಎಂದುಕೊಂಡಳು. ಎಲ್ಲರೂ ಹಲಗೆ ಎತ್ತಿಕೊಂಡು ಹೋಗುತ್ತಾರೆ. ಮತ್ತೆ ಗಂಟು, ಮತ್ತೆ ಕತ್ತಲೆ. ಅಜ್ಜಿ, ಅಜ್ಜಿಯ ಮಡಿಲಲ್ಲಿ ತಾನು. ಯಾರಿಗೂ ಗೊತ್ತಾಗುವುದಿಲ್ಲ. ಹೀಗೆ ಅಂದುಕೊಂಡೆನಲ್ಲ ಎಂದು ಅವಳ ಮೈ ಬೆವೆತಿತು. ಬೆವೆತರೂ ಮಾತು ಏಳಲಿಲ್ಲ.

ಚಿತ್ರಗಾರ ಬಟ್ಟಲು ಕೆಳಗಿಟ್ಟು, ಸಡಿಲವಾಗಿದ್ದ ಕುಂಚದ ಚೀಲವನ್ನು ಮತ್ತೆ ಕಟ್ಟಲು ನೋಡಿದ. ದಾರದ ತುದಿ ಬೆರಳಿಗೆ ಸಿಗಲಿಲ್ಲ. ಎರಡನೇ ಸಲವೂ ಸಿಗಲಿಲ್ಲ. ಅವನು ಪಕ್ಕದಲ್ಲಿದ್ದವಳ ಕಡೆ ದಾರ ಚಾಚಿದ.

"ಮಗಾ, ಒಂದು ಗಂಟು ಹಾಕಿಕೊಡ್ತೀಯಾ?"

ಅವಳು ದಾರ ಹಿಡಿದಳು. ಆ ಬೆರಳುಗಳಿಗೆ ಗಂಟು ಎಂದರೆ ಒಂದೇ ಗಂಟು ಗೊತ್ತಿತ್ತು, ಹಲಗೆಯ ಬಟ್ಟೆಯದು. ದಾರ ಕೈಯಿಂದ ಬಿತ್ತು.

"ನನ್ನದು," ಎಂದಳು.

"ಏನಂದೆ?"

"ಕೈ. ನನ್ನದು."

"ಕೇಳಿಸ್ಲಿಲ್ಲ," ಎಂದ ಮೊಳೆಗಾರ. "ಜೋರಾಗಿ ಹೇಳಮ್ಮ."

"ಆ ಕೂಸನ್ನ ಬರೆದದ್ದು ನಾನು. ಏಳು ವರ್ಷವಾಗಿತ್ತು. ಗಂಟು ಬಿಚ್ಚಿದೆ, ತಿರುಗಿಸಿದೆ, ಬರೆದೆ. ಇವರ ಕೈ ಅಲ್ಲ." ಇಷ್ಟು ಉದ್ದದ ಮಾತನ್ನು ಅವಳು ಹದಿನೈದು ವರ್ಷದಲ್ಲಿ ಆಡಿರಲಿಲ್ಲ. "ನಾನು ಅಲುಗಾಡಿದೆ ಅಂತ ಬಿಟ್ಟುಬಿಟ್ಟಿದ್ದೀರಿ ಅಂದ್ಕೊಂಡೆ ಅಜ್ಜಾ."

ಚಾವಡಿಯಲ್ಲಿ ದೀಪದ ಬತ್ತಿ ಸಿಡಿಯುವುದು ಕೇಳಿಸಿತು.

"ಬಿಟ್ಟದ್ದು ಹೌದು," ಎಂದ ಚಿತ್ರಗಾರ. "ಕೂತಿರೋರನ್ನ ಬಣ್ಣದಲ್ಲಿ ಬರೀತೀನಿ. ಅಷ್ಟರಲ್ಲಿ ಏನು ಎದ್ದು ಹೋಗುತ್ತೋ ಅದಕ್ಕೆ ಜಾಗ ಬಿಡ್ತೀನಿ. ಆ ಉಯ್ಯಾಲೆ ಕೆಳಗೆ ನಾಯಿ ಮಲಗಿತ್ತು, ಎದ್ದು ಹೋಯ್ತು. ಆ ಮದುಮಗಳ ಪಕ್ಕ ಅವಳಕ್ಕ ಇದ್ದಳು, ಗಂಡನ ಮನೆಗೆ ಹೋದಳು. ನಿಮ್ಮಜ್ಜಿ ಮಡಿಲಿಂದ ನೀನು ಹೋದೆ. ಅದು ನಿನಗೇ ಬಿಟ್ಟ ಜಾಗ."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ, ಕೆಲಸದವನಂತೆ ಕೇಳಿದ. "ಬಣ್ಣ ಯಾವುದು?"

"ಬಸಳೆ ಹಣ್ಣು. ಅರಿಶಿನ. ಕಣ್ಣಿಗೆ ಮಸಿ."

"ಅಂಟು ಬೆರೆಸಿದ್ಯಾ?"

"ಇಲ್ಲ."

"ಹಾಗಾದರೆ ಬಿಸಿಲಿಗೆ ನಿಲ್ಲೋದಿಲ್ಲ. ನನ್ನದು ಕಲ್ಲು ಅರೆದ ಬಣ್ಣ, ಅದಕ್ಕೇನೂ ಆಗಲ್ಲ." ಅವನು ಗೋಡೆಗೆ ಒರಗಿದ. "ಒಂದು ಜಾವ ಬಿಸಿಲು ಸಾಕು, ಜಾಗ ಬಂದುಬಿಡುತ್ತೆ. ಆದರೆ ನಿಮ್ಮ ಮನೆ ಹಲಗೆ. ನಾನು ಎತ್ತೋ ಹಾಗಿಲ್ಲ, ಇವನೂ ಎತ್ತೋ ಹಾಗಿಲ್ಲ. ಹೊರಗೆ ಒಯ್ಯೋದು ಬಿಡೋದು ನಿನಗೆ ಸೇರಿದ್ದು."

ಈಗ ಅಜ್ಜಿಯ ಜೊತೆ ಅವಳು ಎಲ್ಲಾದರೂ ಕೂತಿದ್ದರೆ ಅದು ಆ ಹಲಗೆಯಲ್ಲಿ ಮಾತ್ರ. ಬಾಯಿಲ್ಲದ, ಬದನೆಕಾಯಿಯಂಥ ಆ ಕೂಸು, ಆ ಎರಡು ಬಾಗಿದ ಕೈಗಳ ನಡುವೆ. ಅವಳು ಹಲಗೆಯನ್ನು ಮೊಳೆಯಿಂದ ಇಳಿಸಿದಳು.

*

ಅಂಗಳದಲ್ಲಿ ಬಿಸಿಲು ನೆತ್ತಿ ದಾಟಿ ಓರೆಯಾಗಿತ್ತು. ನೆಲಕ್ಕಿಟ್ಟರೆ ಜನರ ನೆರಳು ಬೀಳುತ್ತದೆ, ಒರಗಿಸಿದರೆ ಬಿಸಿಲು ಜಾರುತ್ತದೆ. ಅವಳು ಹಲಗೆಯ ಮುಖವನ್ನು ಸೂರ್ಯನಿಗೆ ಮಾಡಿ ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಊರೆಲ್ಲ ಎದುರಿಗೆ ನಿಂತಿತು. ಊರಿಗೆ ಚಿತ್ರ ಕಾಣುತ್ತಿತ್ತು. ಅವಳಿಗೆ ಕಂಡದ್ದು ಹಲಗೆಯ ಬೆನ್ನು. ಎಷ್ಟೋ ಅಮಾವಾಸ್ಯೆಗಳ ಎಣ್ಣೆ ಕುಡಿದು ಕಪ್ಪಾದ ಬೆನ್ನು. ಅಜ್ಜಿಯ ಬೆರಳು ಓಡಾಡಿದ ಬೆನ್ನು.

ಮೊದಮೊದಲು ಜನ ಗೊಣಗಿದರು. ಕಟ್ಟಳೆ ಮುರಿದವಳು, ಮುದುಕನ ತಲೆಗೆ ತಂದಿಟ್ಟವಳು. ಆಮೇಲೆ ಗೊಣಗಾಟವೂ ಬತ್ತಿತು. ಅವಳ ತೋಳು ನಡುಗತೊಡಗಿತು. ಹಿಡಿದುಕೊಳ್ಳಲು ಯಾರೂ ಬರುವಂತಿಲ್ಲ. ಎದುರುಮನೆಯಾಕೆಯ ಕೈಯಲ್ಲಿದ್ದದ್ದು ಮಾತು ಒಂದೇ. ಅದನ್ನೇ ಅವಳು ಕೊಟ್ಟಳು.

"ಹಳದಿ ಬಿಳಚುತ್ತಾ ಇದೆ ಕಣೇ," ಎಂದಳು. "ಕಾಲು ಹೋಯ್ತು."

ಸ್ವಲ್ಪ ಹೊತ್ತಿನ ಮೇಲೆ, "ಕೈ ಹೋಯ್ತು. ಲಂಗ ಇನ್ನೂ ಇದೆ, ನೇರಳೆ ಇದ್ದದ್ದು ತೊಳೆದ ಬಟ್ಟೆ ಥರ ಆಗಿದೆ."

"ಅಜ್ಜಿ?" ಎಂದು ಕೇಳಿದಳು ಮೊಮ್ಮಗಳು ಹಲಗೆಯ ಹಿಂದಿನಿಂದ.

"ನಿಮ್ಮಜ್ಜಿಗೇನಾಗಿದೆ, ಗುಂಡುಕಲ್ಲು. ಹಂಗೇ ಕೂತಿದ್ದಾಳೆ. ಕೈ ಹಂಗೇ ಹಿಡಿದಿದ್ದಾಳೆ." ಅವಳ ದನಿ ತಗ್ಗಿತು. "ಮಾರಾಯ್ತಿ, ನಾನು ಬದನೆಕಾಯಿ ಅಂದೆ ಅಂತ ಬೇಜಾರು ಮಾಡ್ಕೋಬೇಡ."

ಹಲಗೆಯ ಹಿಂದೆ ಮೊಮ್ಮಗಳ ಕೆನ್ನೆ ಎಣ್ಣೆಮರಕ್ಕೆ ತಾಗಿತ್ತು. ಅಂದು ತಿರುಗಿಸಿದ್ದರೆ, ಎಂದು ಅವಳು ಯೋಚಿಸುತ್ತಿದ್ದಳು. ಒಂದು ಸಲ ತಿರುಗಿಸೇ ಎಂದಾಗ ತಿರುಗಿಸಿದ್ದರೆ ಅಜ್ಜಿ ಇದನ್ನು ನೋಡುತ್ತಿದ್ದಳು. ನಗುತ್ತಿದ್ದಳು. ಕೋತಿ ಎನ್ನುತ್ತಿದ್ದಳು. ಅಷ್ಟೇ ಆಗುತ್ತಿದ್ದದ್ದು. ಹದಿನೈದು ವರ್ಷ ಅವಳು ಹೆದರಿದ್ದು ಆ ಒಂದು ಬೈಗುಳಕ್ಕೆ. ಈಗ ಅದನ್ನು ಬೈಯಲು ಯಾರೂ ಇರಲಿಲ್ಲ.

"ಜಡೆ ಹೋಯ್ತು," ಎಂದಳು ಎದುರುಮನೆಯಾಕೆ. "ಮುಖ ಹೋಯ್ತು. ಬಾ, ಇಳಿಸು ಇನ್ನು. ಜಾಗ ಬಂತು."

ಮೊಳೆಗಾರ ಹತ್ತಿರ ಬಂದು ನೋಡಿದ. "ಇದೇನು, ಎರಡು ಚುಕ್ಕೆ ಉಳಿದಿದೆಯಲ್ಲ?"

"ಮಸಿ," ಎಂದ ಚಿತ್ರಗಾರ. "ಮಸಿ ಬಿಸಿಲಿಗೆ ಹೋಗಲ್ಲ. ಇರಲಿ, ಅಷ್ಟು ಕಟ್ಟಳೆಗೆ ಕಾಣಲ್ಲ."

ಹಲಗೆ ಮತ್ತೆ ತನ್ನ ಮೊಳೆ ಏರಿತು. ಚಿತ್ರಗಾರ ಅದರ ಮುಂದೆ ಬಂದು ನಿಂತ.

"ಯಾರ ಚಿತ್ರ?"

"ನಮ್ಮದು."

"ಯಾರ ಕೈ?"

"ನಿಮ್ಮದು."

"ಜಾಗ?"

"ಇದೆ," ಎಂದಳು. ಇಡೀ ಚಾವಡಿಗೆ ಕೇಳಿಸುವಂತೆ.

ಅವನು ಕೆಮ್ಮಣ್ಣಿನ ಅಂಗೈಯನ್ನು ಅಜ್ಜಿಯ ಮಡಿಲಿನಲ್ಲಿ ಒತ್ತಿದ. ಆಮೇಲೆ ಉಳಿದ ಹದಿನೈದು ಹಲಗೆಗಳಿಗೂ ಒತ್ತಿ, ಆ ತುದಿಯ ಬಾಗಿಲಿನ ಹೊಸ್ತಿಲ ಮೇಲೆ ಕೂತು ಕೈಕಟ್ಟಿದ. ಊರು ಅವನಿಗೆ ಎಲೆ ಹಾಕಿತು. ಬಡಿಸುವಾಗ ಅವಳು ಅನ್ನದ ಪಾತ್ರೆ ಹಿಡಿದು ಅವನ ಮುಂದೆ ನಿಂತಳು. ಅವನು ಸಾಕು ಎನ್ನಲಿಲ್ಲ, ಇನ್ನಷ್ಟು ಎನ್ನಲಿಲ್ಲ, ತಲೆ ಎತ್ತಿ ನೋಡಲೂ ಇಲ್ಲ. ದಣಿದಿದ್ದ. ದಣಿವೋ ಬೇರೆ ಏನೋ, ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ತಿರುಗಿಸಿದ ಚಿತ್ರಗಳು ಮತ್ತೆ ಗೋಡೆಗೆ ಮುಖ ಮಾಡುವುದಿಲ್ಲ. ಸಂಜೆಯ ಬೆಳಕು ಇರುವಾಗಲೇ ಅವಳು ಹಲಗೆಯನ್ನು ಮನೆಗೆ ತಂದು ಹಳೆಯ ಮೊಳೆಗೆ ತೂಗುಹಾಕಿದಳು. ಬೆನ್ನು ಗೋಡೆಗೆ, ಮುಖ ಮನೆಗೆ. ಅಜ್ಜಿಯ ಕೈಗಳ ನಡುವೆ ಕೆಂಪು ಅಂಗೈ, ಬೆರಳುಗಳು ಅಗಲವಾಗಿ ಬಿಚ್ಚಿದ್ದವು. ತೋರುಬೆರಳಿನ ಈಚೆಗೊಂದು, ಆಚೆಗೊಂದು, ಬೆರಳ ಸಂದಿಗಳಲ್ಲಿ ಎರಡು ಮಸಿ ಚುಕ್ಕೆಗಳು. ಕಣ್ಣಾಮುಚ್ಚಾಲೆಯಲ್ಲಿ ಮುಖ ಮುಚ್ಚಿಕೊಂಡ ಮಗು ಬೆರಳ ಸಂದಿಯಿಂದ ಕದ್ದು ನೋಡುವ ಹಾಗೆ, ಅವು ಅವಳನ್ನೇ ನೋಡುತ್ತಿದ್ದವು. ಅವಳು ಅಡುಗೆಮನೆಯ ಕಡೆ ಸರಿದಳು. ಅಲ್ಲಿಗೂ ನೋಡಿದವು. ಬಾಗಿಲ ಮರೆಗೆ ಸರಿದಳು. ನೋಡಿದವು.

ಅವಳು ಅಜ್ಜಿಯ ಮಣೆಯನ್ನು ತಂದು ಚಿತ್ರದ ಎದುರಿಗೆ ಹಾಕಿದಳು. ಕೂತಳು. ಅಂಗಳದಲ್ಲಿ ಅಳಿಲೊಂದು ಕೂಗಿತು, ಬಹಳ ಹೊತ್ತು ಕೂಗಿತು.

ಅವಳು ಅಲುಗಾಡಲಿಲ್ಲ.